ಪಕ್ಕದ ಸೀಟಿನ ಬ್ರೇಕು

ನಮ್ಮ ಭಾವ ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ. ಬೇರೆ ಯಾವ ಕೆಲಸದವರಿಗಾದರೂ ಇದು ಒಳ್ಳೆಯ ಗುಣ, ಕಾರು ಓಡಿಸಲು ಕಲಿಸುವವರಿಗೆ ಅಲ್ಲ. ನಮ್ಮ ಊರಿನ ಉಳಿದ ಡ್ರೈವಿಂಗ್ ಸ್ಕೂಲಿನವರೆಲ್ಲ ಶಿಷ್ಯರ ಏಳು ಜನ್ಮ ಜಾಲಾಡಿಯೇ ಪಾಠ ಮಾಡುತ್ತಾರೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಕಾರಿನೊಳಗಿಂದ "ಕಣ್ಣೇನು ಮನೇಲಿ ಬಿಟ್ಟು ಬಂದಿದ್ದೀಯಾ?" ಅನ್ನುವ ಕೂಗು ಕೇಳಿದರೆ, ಅದು ನಮ್ಮ ಸ್ಕೂಲಿನ ಕಾರಲ್ಲ ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ನಾನು ಆ ಸ್ಕೂಲಿನ ಕೌಂಟರಿನಲ್ಲಿ ಕೂರುವವನು. ಅಕ್ಕನ ಗಂಡನ ಸ್ಕೂಲು, ಹೆಂಡತಿಯ ತಮ್ಮನಿಗೆ ಕುರ್ಚಿ. ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ, ಇದು ಎಲ್ಲರಿಗೂ ಗೊತ್ತಿರುವುದೇ. ಶಿಷ್ಯ ಎಡವಟ್ಟು ಮಾಡಿದರೆ ಮೇಷ್ಟ್ರು ಅದನ್ನು ಒತ್ತಿ ಕಾರು ನಿಲ್ಲಿಸಬೇಕು, ನಿಲ್ಲಿಸಿ ಬೈಯಬೇಕು. ಭಾವ ಒತ್ತುತ್ತಿದ್ದರು, ಬೈಯುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಎಷ್ಟು ಮೆತ್ತಗೆ ಒತ್ತುತ್ತಿದ್ದರೆಂದರೆ, ಶಿಷ್ಯನ ಕಾಲ ಕೆಳಗಿನ ಪೆಡಲು ತಾನಾಗಿ ಕೆಳಗಿಳಿಯುತ್ತಿತ್ತು. ಶಿಷ್ಯನಿಗೆ ತಾನೇ ಒತ್ತಿದೆ ಅನ್ನಿಸುತ್ತಿತ್ತು. ಆಗ ಭಾವ, "ಭೇಷ್! ಸರಿಯಾದ ಹೊತ್ತಿಗೆ ಹಾಕಿದ್ರಿ ನೋಡಿ," ಎನ್ನುತ್ತಿದ್ದರು. ಬೆವರು ಸುರಿಸುತ್ತ ಕೂತ ಮನುಷ್ಯನ ಬೆನ್ನು ನೆಟ್ಟಗಾಗುತ್ತಿತ್ತು.

ಇದರ ಹಿಂದೆ ಮೋಸದ ಬುದ್ಧಿ ಇರಲಿಲ್ಲ. ಭಾವನಿಗೆ ಕಲಿಸಿದ ಮುದುಕ ಬೆರಳ ಗೆಣ್ಣಿಗೆ ಹೊಡೆದು ಹೊಡೆದು ಕಲಿಸಿದವನು. ಕಲಿತು ಮುಗಿದ ಮೇಲೂ ಎಷ್ಟೋ ಕಾಲ ಭಾವ ಸ್ಟೀರಿಂಗು ಕಂಡರೆ ನಡುಗುತ್ತಿದ್ದರಂತೆ. "ಹೆದರಿದ ಕಾಲು ಒತ್ತಲ್ಲ ಕಣೋ. ಮೊದಲು ಹೆದರಿಕೆ ಹೋಗ್ಲಿ, ಒತ್ತೋದು ತಾನಾಗಿ ಬರುತ್ತೆ," ಎಂದು ನನಗೆ ಹೇಳುತ್ತಿದ್ದರು. ಹೆಂಗಸರು ಹುಡುಕಿಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಬೇರೆ ಕಡೆ ಅತ್ತು ಬಿಟ್ಟವರು ನಮ್ಮಲ್ಲಿ ನಗುತ್ತ ಕಲಿಯುತ್ತಿದ್ದರು. ಲೈಸೆನ್ಸ್ ಪರೀಕ್ಷೆಯ ದಿನ ಆಫೀಸರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಭಾವ ತಮ್ಮ ಜಾಗದಲ್ಲೇ. ನಮ್ಮ ಸ್ಕೂಲಿನವರು ಫೇಲಾದದ್ದನ್ನು ನಾನು ಕಂಡಿಲ್ಲ.

ಈ ಗುಟ್ಟನ್ನು ಒಬ್ಬ ಮೊದಲೇ ಕಂಡುಹಿಡಿದಿದ್ದ. ಭಾವನ ಬಾಲ್ಯದ ಗೆಳೆಯ, ಗ್ಯಾರೇಜಿನವನು. ಊರೆಲ್ಲ ಅವನನ್ನು ಸ್ಪ್ಯಾನರ್ ಎಂದೇ ಕರೆಯುತ್ತದೆ, ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ನಮ್ಮ ಕಾರು ಸರ್ವೀಸಿಗೆ ಹೋದಾಗ ಒಮ್ಮೆ ಎರಡು ಪೆಡಲಿನ ರಬ್ಬರುಗಳನ್ನೂ ನನಗೆ ತೋರಿಸಿದ. ಮೇಷ್ಟ್ರ ಕಡೆಯದು ಸವೆದು ನುಣ್ಣಗಾಗಿತ್ತು. ಶಿಷ್ಯರ ಕಡೆಯದರ ಗೆರೆಗಳು ಅಂಗಡಿಯಿಂದ ತಂದ ದಿನದ ಹಾಗೇ ಇದ್ದವು.

"ನಿಮ್ಮ ಭಾವ ಕಲಿಸ್ತಾನೋ, ತಾನೇ ಓಡಿಸ್ತಾನೋ?" ಎಂದು ಕೇಳಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಗ ಅದು ನಗುವ ಮಾತೇ ಆಗಿತ್ತು.

ಭಾವನಿಗೆ ಒಬ್ಬಳೇ ಮಗಳು. ಮದುವೆಯಾಗಿ ಬೇರೆ ಮನೆ ಸೇರಿದರೂ ನಮಗೆಲ್ಲ ಅವಳು ಕೂಸು. ಅವಳೂ ಅಪ್ಪನ ಹತ್ತಿರವೇ ಕಾರು ಕಲಿತವಳು. ಲೈಸೆನ್ಸು ತೆಗೆದುಕೊಂಡು ಬೀರುವಿನಲ್ಲಿಟ್ಟಿದ್ದಳು, ಓಡಿಸಲು ಕಾರಿರಲಿಲ್ಲ. ಈಚೆಗೆ ಅವಳ ಗಂಡ ಹಳೆಯದೊಂದು ಕಾರು ತಂದ. ಅಳಿಯ ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನೆಟ್ಟಗೆ, ಚೌಕವಾಗಿ ಯೋಚಿಸುವವನು. ಕಾರನ್ನು ಮೊದಲು ಸ್ಪ್ಯಾನರ್ ಹತ್ತಿರ ಒಯ್ದು ಬ್ರೇಕೆಲ್ಲ ಹೊಸದಾಗಿ ಕೂರಿಸಿ, ಆಮೇಲೇ ಮನೆಗೆ ತಂದ. ಕೂಸು ಕೆಲವು ದಿನ ಓಣಿಯೊಳಗೆ ಅತ್ತಿತ್ತ ಓಡಿಸಿದಳು. ಆಮೇಲೆ ಒಂದು ಬೆಳಿಗ್ಗೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಣ್ಣಿನ ಡಾಕ್ಟರ ಹತ್ತಿರ ಹೋಗಲೆಂದು ದೊಡ್ಡ ರಸ್ತೆಗೆ ಇಳಿದಳು.

ಸೇತುವೆಯ ಹತ್ತಿರದ ಸಿಗ್ನಲ್ಲಿನಲ್ಲಿ ಹಾಸಿಗೆ ಹೇರಿದ್ದ ಲಾರಿಯೊಂದು ನಿಂತಿತ್ತು. ಹಾಸಿಗೆಗೆ ಗುದ್ದಿದ್ದರೆ ಚಿಂತೆಯಿರಲಿಲ್ಲ, ಕಾರು ಗುದ್ದಿದ್ದು ಹಿಂದಿನ ಕಬ್ಬಿಣದ ಪಟ್ಟಿಗೆ. ಕೂಸಿಗೆ ಏನೂ ಆಗಲಿಲ್ಲ. ಬೆಲ್ಟು ಬೀಗಿತ್ತಿಯ ಜೀವ ಉಳಿಸಿತು, ಹೆಗಲ ಮೂಳೆ ಮುರಿಯಿತು. ಕಾರಿನ ಮೂತಿ ನುಜ್ಜುಗುಜ್ಜಾಗಿ ಬ್ರೇಕಿನ ಪೈಪೇ ಕಿತ್ತುಹೋಗಿತ್ತು. ಬ್ರೇಕು ಗುದ್ದುವ ಮೊದಲೇ ಕೆಟ್ಟಿತ್ತೋ, ಗುದ್ದಿ ಕೆಟ್ಟಿತೋ ಎಂದು ಇನ್ನು ಯಾರೂ ಹೇಳುವ ಹಾಗಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂಸು ಒಂದೇ ಮಾತು ಹೇಳುತ್ತಿದ್ದಳು. "ನಾನು ಬ್ರೇಕ್ ಒತ್ತಿದೆ ಅಪ್ಪಾ. ನಿನ್ನಾಣೆಗೂ ಒತ್ತಿದೆ. ನಿಲ್ಲಲೇ ಇಲ್ಲ."

ಭಾವ ಅವಳ ತಲೆ ಸವರುತ್ತ ನಿಂತಿದ್ದರು. "ನಿಲ್ಲಲೇ ಇಲ್ಲ" ಎಂದ ಕೂಡಲೇ ಅವರ ಕೈ ಅವಳ ತಲೆಯ ಮೇಲೇ ನಿಂತುಬಿಟ್ಟಿತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮಗಳಿಗೆ ಆದದ್ದಕ್ಕೆ ಹೀಗಾಗಿದ್ದಾರೆ ಎಂದುಕೊಂಡು ನಾನು ನೀರು ತಂದುಕೊಟ್ಟೆ.

ಬೀಗಿತ್ತಿ ಮನೆಗೆ ಬಂದ ಮೇಲೆ ನಮಗೆ ಕರೆ ಬಂತು. ಆ ಮನೆಯ ಹಾಲ್ ಮೊದಲೇ ಚಿಕ್ಕದು. ಅದಕ್ಕೆ ಈಗ ಬೀಗಿತ್ತಿಯ ಮಂಚವೂ ಬಂದು ಸೇರಿತ್ತು. ಮಂಚಕ್ಕೂ ಸೋಫಾಕ್ಕೂ ನಡುವೆ ಚಹಾದ ಮೇಜು, ಬಾಗಿಲ ಅರ್ಧಕ್ಕೆ ಅಡ್ಡವಾಗಿ ಫ್ರಿಜ್ಜು. ಯಾರಾದರೂ ಅಡುಗೆಮನೆಗೆ ಹೋಗಬೇಕೆಂದರೆ ಸೋಫಾದಲ್ಲಿದ್ದವರೆಲ್ಲ ಮೊಣಕಾಲು ಎದೆಗೆ ಎಳೆದುಕೊಳ್ಳಬೇಕು. ಭಾವನನ್ನು ಗೋಡೆ ಮೂಲೆಗೆ ಕೂರಿಸಿ ಪಕ್ಕಕ್ಕೆ ನಾನು ಕೂತೆ. ಕೂತ ಮೇಲೆ ಏಳುವ ದಾರಿಯಿರಲಿಲ್ಲ. ಕಿಟಕಿ ತೆರೆದರೆ ಬೀಗಿತ್ತಿಗೆ ಗಾಳಿ ಬಡಿಯುತ್ತದೆಂದು ಅದನ್ನೂ ಮುಚ್ಚಿದ್ದರು.

ಅಳಿಯ ಸ್ಪ್ಯಾನರನ್ನೂ ಕರೆಸಿದ್ದ. ಅವನಿಗೆ ಕೂರಲು ಜಾಗ ಇರಲಿಲ್ಲ, ಇದ್ದಿದ್ದರೂ ಕೂರು ಎನ್ನುವವರಿರಲಿಲ್ಲ. ಬಾಗಿಲ ಬಳಿ ಚಪ್ಪಲಿ ಗೂಡಿಗೆ ಒರಗಿ ನಿಂತಿದ್ದ. ಉಗುರಿನ ಸಂದಿಯ ಗ್ರೀಸು ಕಾಣದ ಹಾಗೆ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದ.

"ಬ್ರೇಕ್ ಸರಿಯಾಗೇ ಇತ್ತು ಸ್ವಾಮಿ. ನಾನೇ ಓಡಿಸಿ ನೋಡಿ ಕೊಟ್ಟಿದ್ದು," ಎಂದ.

"ಹಾಗಾದ್ರೆ ನನ್ನ ಹೆಂಡ್ತಿ ಸುಳ್ಳು ಹೇಳ್ತಿದ್ದಾಳಾ?" ಎಂದ ಅಳಿಯ.

ಸ್ಪ್ಯಾನರ್ ಬಾಯಿ ತೆರೆದ. ಮುಚ್ಚಿದ. ಆಮೇಲೆ ಭಾವನ ಕಡೆ ನೋಡಿದ. ಬರೀ ನೋಡಿದ. ಆ ಎರಡು ರಬ್ಬರುಗಳು ಆಗ ನನ್ನ ಕಣ್ಣ ಮುಂದೆ ಬಂದವು. ಭಾವ ಚಹಾದ ಲೋಟದೊಳಗೆ ಇಣುಕುತ್ತ ಕೂತಿದ್ದರು.

"ಪೊಲೀಸ್ ಗಿಲೀಸ್ ಬೇಡ ಮಾವ, ನಾನು ಅಷ್ಟು ಕೆಟ್ಟವನಲ್ಲ," ಎಂದು ಅಳಿಯ ಭಾವನಿಗೆ ವಿವರಿಸಿದ. "ಆದ್ರೆ ಇವ್ರು ಶಾಲೆ ವ್ಯಾನುಗಳ ಬ್ರೇಕೂ ನೋಡ್ತಾರೆ. ಅದ್ರಲ್ಲಿ ಮಕ್ಕಳು ಹೋಗ್ತವೆ. ಸೋಮವಾರ ಶಾಲೆಗೆ ಹೋಗಿ ಇರೋದನ್ನ ಇದ್ದ ಹಾಗೆ ಹೇಳಿ ಬರ್ತೀನಿ. ನಾನು ಹೇಳದೆ ಇದ್ದು, ನಾಳೆ ಮಕ್ಕಳಿಗೆ ಏನಾದ್ರೂ ಆದ್ರೆ?"

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸ್ಪ್ಯಾನರನ ಗ್ಯಾರೇಜು ನಿಂತಿರುವುದೇ ಆ ವ್ಯಾನುಗಳ ಮೇಲೆ. ಬ್ರೇಕು ಕೈಕೊಟ್ಟ ಮೆಕ್ಯಾನಿಕ್ಕು ಎಂಬ ಹೆಸರು ಒಮ್ಮೆ ಅಂಟಿದರೆ ಸೈಕಲ್ಲಿನ ಗಾಳಿ ತುಂಬಿಸಲೂ ಯಾರೂ ಬರುವುದಿಲ್ಲ.

ಮಂಚದ ಮೇಲಿಂದ ಬೀಗಿತ್ತಿ ಬಾಯಿ ಹಾಕಿದರು. ಕೈಯನ್ನು ಜೋಳಿಗೆಯ ಹಾಗೆ ಕುತ್ತಿಗೆಗೆ ಕಟ್ಟಿದ್ದರೂ ನಾಲಿಗೆಗೆ ಪಟ್ಟಿ ಕಟ್ಟಿರಲಿಲ್ಲ. "ಬ್ರೇಕ್ ಸರಿ ಇತ್ತು ಅಂದ್ರೆ ಏನರ್ಥ ಬೀಗರೇ? ನನ್ನ ಮೂಳೆ ಮುರಿದೋಳು ನನ್ನ ಸೊಸೆ ಅಂತ ತಾನೆ? ಬ್ರೇಕೇ ಹೋಗಿತ್ತು ಅಂತ ನಂಬ್ಕೊಂಡು ಸಮಾಧಾನವಾಗಿ ಮಲಗಿದ್ದೀನಿ. ಇಲ್ಲದಿದ್ರೆ ಅವಳ ಕೈಯಿಂದ ನೀರು ತಗೊಂಡು ಕುಡಿಯೋಕೂ ನನಗೆ ಮನಸ್ಸು ಬರ್ತಿರಲಿಲ್ಲ." ಹೇಳಿ ನಕ್ಕರು. ಕೂಸು ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟ ಹಿಡಿದೇ ನಿಂತಿದ್ದಳು. ಅವಳು ನಗಲಿಲ್ಲ.

ಅಡಕತ್ತರಿ ಎನ್ನುತ್ತಾರಲ್ಲ, ಅದರ ಎರಡು ಬಾಯಿಗಳನ್ನು ನಾನು ಕಂಡದ್ದು ಆ ಹಾಲ್‌ನಲ್ಲಿ. ಭಾವ ಬಾಯಿ ಬಿಟ್ಟರೆ ಮಗಳು ಆ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಬಿಡದಿದ್ದರೆ ಗೆಳೆಯನ ಅನ್ನಕ್ಕೆ ಕಲ್ಲು. ಇಬ್ಬರ ನಡುವೆ ಮೂಲೆಯಲ್ಲಿ, ಮೊಣಕಾಲಿಗೆ ಮೇಜು ತಾಗಿಸಿಕೊಂಡು ಕೂತ ಭಾವ ಕೊನೆಗೂ ಒಂದು ಮಾತಾಡಿದರು. "ಚಹಾ ಆರಿಹೋಯ್ತು," ಎಂದರು.

ಸ್ಪ್ಯಾನರ್ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದ.

ವಾಪಸು ಬರುವಾಗ ಸ್ಕೂಲಿನ ಕಾರು ನನ್ನ ಕೈಯಲ್ಲಿತ್ತು, ಭಾವ ಪಕ್ಕದಲ್ಲಿದ್ದರು. ನನಗೆ ಪಿತ್ತ ನೆತ್ತಿಗೇರಿತ್ತು. ಸ್ವಲ್ಪ ದೂರ ಬಂದ ಮೇಲೆ ತಡೆಯಲಾಗಲಿಲ್ಲ.

"ಕೂಸಿನ ಕಾಲು ಬ್ರೇಕ್ ಮೇಲೆ ಇತ್ತು, ಆದ್ರೆ ಒತ್ತಿರಲಿಲ್ಲ. ಹೌದೋ ಅಲ್ವೋ?"

"ಸವರಿದ್ದಾಳೆ," ಎಂದರು ಭಾವ. "ಓಣಿಯಲ್ಲಿ ಸವರಿದ್ರೂ ನಿಲ್ಲುತ್ತೆ. ದೊಡ್ಡ ರಸ್ತೇಲಿ ನಿಲ್ಲಲ್ಲ. ಅವಳು ಸವರಿದಾಗೆಲ್ಲ ಉಳಿದದ್ದನ್ನ ನಾನು ಒತ್ತಿದ್ದೆ. ಅವಳಿಗೆ ಅಷ್ಟೇ ಗೊತ್ತು."

"ಅದನ್ನ ಅಲ್ಲೇ ಹೇಳೋಕೆ ಏನಾಗಿತ್ತು? ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ?"

ಭಾವ ರಸ್ತೆ ನೋಡುತ್ತಿದ್ದರು. ಎದುರಿನಿಂದ ಬಂದ ನೀಲಿ ಕಾರು ನೋಡಿ, "ಬೇಕರಿಯಮ್ಮ," ಎಂದರು. ಬಿಳಿ ಕಾರು ನೋಡಿ, "ಟೈಲರು. ಹೋದ ವರ್ಷ." ಆಮೇಲೆ ಇಬ್ಬರು ಮಕ್ಕಳನ್ನು ಹಿಂದೆ ಕೂರಿಸಿಕೊಂಡ ನರ್ಸು. ಒಬ್ಬೊಬ್ಬರು ಎದುರಾದಾಗಲೂ ಭಾವನ ಬಲಗಾಲು ಸಣ್ಣಗೆ ಅದುರುತ್ತಿತ್ತು. ಊರೆಲ್ಲ ಅವರ ಶಿಷ್ಯರು. ಎಲ್ಲರೂ ನಗುನಗುತ್ತ, ಧೈರ್ಯವಾಗಿ, ತಾವೇ ನಿಲ್ಲಿಸಬಲ್ಲೆವು ಎಂದು ನಂಬಿ ಬರುತ್ತಿದ್ದಾರೆ. ನಾನೂ ಅವರ ಶಿಷ್ಯನೇ ಅಲ್ಲವೇ? ಮುಂದಿನ ತಿರುವಿನಲ್ಲಿ ಕಾರು ನಿಧಾನವಾಯಿತು.

"ಭಾವ, ಈಗ ಒತ್ತಿದ್ದು ನಾನೋ ನೀವೋ?"

"ನೀನೇ," ಎಂದರು.

ಆ ಮಾತನ್ನು ನಂಬಲು ನನಗೆ ಧೈರ್ಯ ಸಾಲಲಿಲ್ಲ.

ಮಾರನೆಯ ದಿನ ಪಾಠ ಇತ್ತು. ಔಷಧಿ ಅಂಗಡಿಯಾಕೆ, ಹೊಸಬಳು. ತಿರುವಿನಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದ, ಭಾವ ಒತ್ತಿದರು, ಕಾರು ನಿಂತಿತು. ಆಕೆ ಮುಖ ಅರಳಿಸಿಕೊಂಡು ಭಾವನ ಕಡೆ ತಿರುಗಿದಳು, ಭೇಷ್ ಎನ್ನುವುದನ್ನು ಕಾಯುತ್ತ. ಭಾವನ ಬಾಯಿಂದ ಭೇಷೂ ಹೊರಡಲಿಲ್ಲ, ಬೈಗುಳವೂ ಹೊರಡಲಿಲ್ಲ. "ತಲೆನೋವು, ಇವತ್ತಿಗೆ ಸಾಕು," ಎಂದು ಕಾರನ್ನು ಸ್ಕೂಲಿಗೆ ವಾಪಸು ತಂದುಬಿಟ್ಟರು. ನನ್ನ ಕೌಂಟರಿನ ಮುಂದಿನ ಬೆಂಚಿನಲ್ಲಿ ಕೂತು, "ಒತ್ತಿದ್ರೆ ಮತ್ತೊಬ್ಬಳನ್ನ ಕೆಡಿಸ್ತೀನಿ. ಒತ್ತದೆ ಇದ್ರೆ ಇಲ್ಲೇ ಯಾರೋ ಸಾಯ್ತಾರೆ. ನಾನು ಆ ಸೀಟಲ್ಲಿ ಹೇಗೆ ಕೂರಲಿ ಹೇಳು," ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಸ್ಕೂಲು ಮುಚ್ಚಿದರೆ ನನ್ನ ಕುರ್ಚಿಯ ಗತಿಯೇನು ಎಂದು ಒಂದು ಗಳಿಗೆ ಯೋಚಿಸಿದೆ, ಸುಳ್ಳೇಕೆ ಹೇಳಲಿ.

ಅಕ್ಕನಿಗೆ ನಾನೇ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸದೆ ಗಂಡನಿಗೆ ಹೇಳಿದಳು: "ಆ ಮನುಷ್ಯ ನಿಮ್ಮ ಮುಖ ನೋಡಿ ಸುಮ್ಮನಿದ್ದ. ನಿಮ್ಮ ಬಾಯಿಂದ ಬರಲಿ ಅಂತ ಕಾದ. ಸೋಮವಾರದವರೆಗೂ ಕಾಯ್ತಾನೆ. ಅಲ್ಲಿಂದಾಚೆಗೂ ಬಾಯಿ ಬಿಡಲ್ಲ ಅವನು, ಅದೇ ನನಗೆ ಹೊಟ್ಟೆ ಉರಿಯೋದು." ಭಾವ ಎದ್ದು ಹಿತ್ತಲಿಗೆ ಹೋದರು. ಒಗೆಯುವ ಕಲ್ಲಿನ ಮೇಲೆ ಊಟದ ಹೊತ್ತಿನವರೆಗೂ ಕೂತಿದ್ದರು.

ಭಾನುವಾರ ಬೆಳಿಗ್ಗೆ ಭಾವ ಸ್ಕೂಲಿನ ಕಾರು ತೆಗೆದರು. ನನ್ನನ್ನೂ ಹತ್ತಿಸಿಕೊಂಡು ಕೂಸಿನ ಮನೆಗೆ ಹೋದರು. ಗುದ್ದಿದ ಹೆದರಿಕೆ ಬೇರೂರುವ ಮೊದಲೇ ಸ್ಟೀರಿಂಗು ಹಿಡಿಸಬೇಕು ಎಂದು ಬೀಗಿತ್ತಿಗೆ ಹೇಳಿ ಮಗಳನ್ನು ಕರೆದುಕೊಂಡು ಬಂದರು. ಮುಚ್ಚಿದ ಗಿರಣಿಯ ಹಿಂದೆ ದೊಡ್ಡ ಬಯಲಿದೆ, ನಮ್ಮ ಪಾಠಗಳೆಲ್ಲ ಶುರುವಾಗುವುದು ಅಲ್ಲೇ. ಕೂಸನ್ನು ಸ್ಟೀರಿಂಗಿನ ಮುಂದೆ ಕೂರಿಸಿ ತಾವು ಪಕ್ಕದಲ್ಲಿ ಕೂತರು. ನಾನು ಹಿಂದೆ.

ಕೂತವರು ಎರಡೂ ಕಾಲುಗಳನ್ನು ಮೇಲಕ್ಕೆಳೆದುಕೊಂಡು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡರು. ಅಷ್ಟು ಇಕ್ಕಟ್ಟಿನಲ್ಲಿ ಆ ವಯಸ್ಸಿನವರು ಹಾಗೆ ಕೂರುವುದು ನೋಡಿ ಕೂಸು ನಕ್ಕಳು. "ಏನಪ್ಪಾ, ಊಟಕ್ಕೆ ಕೂತ ಹಾಗೆ ಕೂತಿದ್ದೀಯಾ?"

"ನೀನು ಓಡಿಸು," ಎಂದರು.

ಕೂಸು ಚೆನ್ನಾಗಿಯೇ ಓಡಿಸಿದಳು. ಗೇರು ಹಾಕುವುದು, ತಿರುಗಿಸುವುದು ಎಲ್ಲ ನೀಟಾಗಿತ್ತು. ಕಾರು ವೇಗ ಹಿಡಿದ ಮೇಲೆ ಭಾವ, "ಆ ಕಂಬದ ಹತ್ರ ನಿಲ್ಲಿಸು," ಎಂದರು. ಅವಳು ಕಾಲಿಟ್ಟಳು. ಕಂಬ ಬಂತು, ಕಂಬ ಹಿಂದೆ ಹೋಯಿತು. ಎದುರಿಗೆ ಗಿರಣಿಯ ಗೋಡೆ ದೊಡ್ಡದಾಗುತ್ತ ಬಂತು. ಭಾವ ತಮ್ಮ ಎರಡೂ ಪಾದಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು, ಬೆರಳು ಬಿಳುಚಿಕೊಂಡಿದ್ದವು. ಗೋಡೆಯ ಈಚೆ ಮರಳಿನ ಗುಡ್ಡೆಯೊಂದಿತ್ತು, ಪುಣ್ಯ. ಕಾರು ಅದಕ್ಕೆ ಮೂತಿ ತೂರಿಸಿ ನಿಂತಿತು.

ಕೂಸು ಅಪ್ಪನ ಕಡೆ ತಿರುಗಿದಳು. ಅವಳ ಮುಖ ಬೆಳಗುತ್ತಿತ್ತು.

"ಅಪ್ಪಾ, ಇದರದ್ದೂ ಬ್ರೇಕ್ ಹೋಗಿದೆ! ಇದನ್ನೂ ಅವನೇ ತಾನೆ ರಿಪೇರಿ ಮಾಡೋದು? ನೋಡಿದೆಯಾ? ನಾನು ಹೇಳಿದ್ದು ನಿಜ ಅಂತ ಈಗಾದ್ರೂ ಗೊತ್ತಾಯ್ತಲ್ಲ! ಮಾವ, ನೀನೂ ನೋಡಿದೆ ತಾನೆ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಆ ಮಗುವಿನ ಖುಷಿಯನ್ನು ಕಣ್ಣಲ್ಲಿ ನೋಡಲು ನನ್ನಿಂದಾಗಲಿಲ್ಲ.

"ಬ್ರೇಕ್ ಸರಿ ಇದೆ ಕೂಸೇ. ಹಿಂದಕ್ಕೆ ತಗೊಂಡು ಇನ್ನೊಂದು ಸಲ ಬಾ," ಎಂದರು ಭಾವ. ಈ ಸಲ ಕಾಲು ಕೆಳಗಿಟ್ಟರು. ಕಂಬದ ಹತ್ತಿರ ಅವಳು ಕಾಲಿಟ್ಟಳು, ಕಾರು ಹೂವಿನ ಹಾಗೆ ನಿಂತಿತು.

"ಈಗ ನಿಂತಿತಲ್ಲ!"

"ನಿಲ್ಲಿಸಿದ್ದು ನಾನು." ಭಾವ ತಮ್ಮ ಕಾಲ ಕಡೆ ಬೆರಳು ತೋರಿಸಿದರು. "ಯಾವಾಗಲೂ ನಾನೇ ನಿಲ್ಲಿಸ್ತಿದ್ದೆ. ನೀನು ಹೆದರಬಾರದು ಅಂತ ನೀನೇ ಒತ್ತಿದೆ ಅಂತಿದ್ದೆ. ಎಲ್ಲರಿಗೂ ಹಾಗೇ ಮಾಡಿದೆ, ನಿನಗೂ ಮಾಡಿದೆ. ನಿನ್ನ ಕಾಲು ಬ್ರೇಕನ್ನ ಕಲಿತೇ ಇಲ್ಲ. ಅವನ ತಪ್ಪಿಲ್ಲ. ನಿನ್ನದೂ ಅಲ್ಲ. ನನ್ನದು."

ಕೂಸು ಎಂಜಿನ್ ಆರಿಸಿದಳು. ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು.

"ಟೆಸ್ಟ್ ದಿನ?"

"ನಾನೇ."

"ಆ ನಾಯಿಮರಿ?"

ಇದನ್ನು ಸ್ವಲ್ಪ ಹೇಳಬೇಕು. ಅವಳು ಕಲಿಯುವಾಗ ಒಂದು ನಾಯಿಮರಿ ಚಕ್ರದ ಮುಂದೆ ಓಡಿ ಬಂದಿತ್ತು, ಕಾರು ಕೂದಲೆಳೆಯಲ್ಲಿ ನಿಂತಿತ್ತು. ಮರಿಯನ್ನು ಎತ್ತಿಕೊಂಡು ಮನೆಗೇ ತಂದಿದ್ದಳು. ನಾನು ಉಳಿಸಿದೆ, ನಾನು ಉಳಿಸಿದೆ ಎಂದು ಮನೆ ತುಂಬ ಕುಣಿದಿದ್ದಳು. ಮದುವೆಗೆ ಮುಂಚೆ ಈ ಗಂಡನ ಜೊತೆ ಮಾತಾಡಲು ಕೂರಿಸಿದಾಗಲೂ ಹೇಳಿದ್ದು ಅದೇ ಕಥೆ. ಅವಳ ಜೀವನದಲ್ಲಿ ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಒಂದು ಸಂಗತಿ ಅದು.

"ಅದೂ," ಎಂದರು ಭಾವ.

ಕೂಸು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಅವಳ ಮೂಗಿನ ತುದಿ ಕೆಂಪಾಯಿತು, ಅಷ್ಟೇ. "ಅತ್ತೆ ಮೂಳೆ ಮುರಿದದ್ದು ನಾನೇ ಅಂತಾಯ್ತಲ್ಲ, ಅದನ್ನಾದ್ರೂ ಹೇಗೋ ಸಹಿಸ್ತೀನಿ ಅಪ್ಪಾ. ಆದ್ರೆ ಒಂದೇ ಒಂದು ಸಲನಾದ್ರೂ ನಾನು ಏನಾದ್ರೂ ನಿಲ್ಲಿಸಿದ್ದೀನಾ? ಒಂದು ಸಲ?"

ಭಾವ ಪೆಡಲಿನ ಮೇಲಿಂದ ಕಾಲು ತೆಗೆದರು.

"ಹಿಂದೆ ಹೋಗಿ ಕೂತ್ಕೋ," ಎಂದಳು.

ಭಾವ ಇಳಿದು ಬಂದು ನನ್ನ ಪಕ್ಕದಲ್ಲಿ ಕೂತರು. ತಮ್ಮದೇ ಕಾರಿನ ಹಿಂದಿನ ಸೀಟು ಅವರಿಗೆ ಹೊಸದು. ಮಂಡಿ ಎಲ್ಲಿಡಬೇಕೋ, ಕೈ ಎಲ್ಲಿಡಬೇಕೋ ತಿಳಿಯದೆ ಒದ್ದಾಡಿದರು. ಕೂಸು ಕಾರು ಬಿಟ್ಟಳು. ಮೊದಲ ಸಲ ಕಂಬ ದಾಟಿಹೋಯಿತು. ಎರಡನೇ ಸಲವೂ ದಾಟಿತು. ಭಾವ ಹಿಂದಿನಿಂದ, "ಇನ್ನೂ ಸ್ವಲ್ಪ ಒತ್ತಮ್ಮ, ಸೀಟಿಗೆ ಬೆನ್ನು ಕೊಟ್ಟು ಒತ್ತು," ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳುತ್ತಿದ್ದರು. ಮುಂದಿನ ಸಲ ಅವಳಿಗೆ ರೋಷ ಬಂದಿರಬೇಕು, ಕಾರು ಗೋಡೆಯ ಕಡೆ ಹಾರಿದ ಹಾಗೆ ಹೋಯಿತು. ಈ ಸಲ ಎದುರಿಗೆ ಮರಳಿನ ಗುಡ್ಡೆಯೂ ಇರಲಿಲ್ಲ.

"ಒತ್ತೇ!" ಎಂದು ಭಾವ ಕಿರುಚಿದರು. "ಒತ್ತೇ ಕತ್ತೆ! ಪೂರ್ತಿ ಒತ್ತೇ!"

ನಾನು ಅಷ್ಟು ವರ್ಷದಲ್ಲಿ ಆ ಗಂಟಲಿನಿಂದ ಅಂಥ ಸದ್ದು ಕೇಳಿರಲಿಲ್ಲ. ಕಾರು ಕೀರಲಿಟ್ಟು ನಿಂತಿತು. ಭಾವನ ಹಣೆ ಮುಂದಿನ ಸೀಟಿಗೆ ಬಡಿಯಿತು, ನನ್ನ ಕನ್ನಡಕ ಎಲ್ಲೋ ಹಾರಿತು. ಧೂಳು ಇಳಿದ ಮೇಲೆ ನೋಡಿದರೆ ಗೋಡೆಗೂ ನಮಗೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಡೆದು ಹೋಗುವಷ್ಟು ಜಾಗ ಉಳಿದಿತ್ತು.

"ಯಾರು ನಿಲ್ಲಿಸಿದ್ದು?" ಕೂಸು ಮುಂದೆ ನೋಡುತ್ತಲೇ ಕೇಳಿದಳು.

"ನೀನೇ," ಎಂದರು ಭಾವ, ಹಣೆ ಉಜ್ಜಿಕೊಳ್ಳುತ್ತ.

ಅವಳು ನಂಬಲಿಲ್ಲ. ಪಕ್ಕದ ಸೀಟಿನ ಕೆಳಗೆ ಬಗ್ಗಿ ನೋಡಿದಳು. ಅಲ್ಲಿ ಯಾರ ಕಾಲೂ ಇರಲಿಲ್ಲ. ಆ ಸವೆದ ರಬ್ಬರನ್ನು ಕೈಯಿಂದ ಒಮ್ಮೆ ಮುಟ್ಟಿದಳು. ಆಮೇಲೆ ಅತ್ತಳು.

ದಾರಿಯಲ್ಲಿ ಭಾವನೇ ಮಾತು ತೆಗೆದರು. "ನಿಮ್ಮ ಮನೇಲಿ ನಾನು ಹೇಳ್ತೀನಿ. ಎಲ್ಲ ನನ್ನ ಮೇಲೆ ಹಾಕ್ಕೊಂಡು ಹೇಳ್ತೀನಿ. ನೀನು ಒಳಗೆ ಹೋಗಿಬಿಡು."

"ಬೇಡ ಅಪ್ಪಾ," ಎಂದಳು ಕೂಸು. "ಇದನ್ನೂ ನೀನೇ ಒತ್ತಬೇಡ."

ಗ್ಯಾರೇಜಿನ ಮುಂದೆ ನಿಲ್ಲಿಸಿ ಸ್ಪ್ಯಾನರನನ್ನೂ ಹತ್ತಿಸಿಕೊಂಡಳು. ಭಾನುವಾರವಾದರೂ ಅವನು ಅಲ್ಲೇ ಇದ್ದ, ಸುಮ್ಮನೆ ಹಳೆಯ ಬೋಲ್ಟುಗಳನ್ನು ಒರೆಸುತ್ತ ಕೂತಿದ್ದ. ಪಕ್ಕದ ಸೀಟು ಖಾಲಿಯಿದ್ದರೂ ಅವನೂ ಬಂದು ಹಿಂದೆಯೇ ಕೂತ. ಮೂವರು ಗಂಡಸರು ಭುಜಕ್ಕೆ ಭುಜ ಒತ್ತಿಕೊಂಡು, ಉಸಿರು ಬಿಗಿಹಿಡಿದು ಹೋದೆವು. ಸೇತುವೆಯ ಸಿಗ್ನಲ್ಲು ಕೆಂಪಾಯಿತು. ಕಾರು ನಿಂತಿತು. ಸ್ಪ್ಯಾನರ್ ಭಾವನ ಹಣೆಯ ಬುಗುಟು ನೋಡಿದ, ಖಾಲಿ ಸೀಟು ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತನ್ನ ಗ್ರೀಸು ಮೆತ್ತಿದ ಕೈಯನ್ನು ಭಾವನ ತೊಡೆಯ ಮೇಲಿಟ್ಟ, ಮನೆ ಬರುವವರೆಗೂ ತೆಗೆಯಲಿಲ್ಲ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಅಳಿಯ ಸೋಮವಾರ ಶಾಲೆಗೆ ಹೋಗಲಿಲ್ಲ, ಗ್ಯಾರೇಜಿಗೆ ಹೋಗಿ ಕ್ಷಮೆ ಕೇಳಿ ಬಂದ. ವ್ಯಾನುಗಳು ಸ್ಪ್ಯಾನರ್ ಹತ್ತಿರವೇ ಇವೆ. ಬೀಗಿತ್ತಿ ತಮ್ಮ ಮಾತಿಗೆ ತಪ್ಪಲಿಲ್ಲ, ಮೂಳೆ ಕೂಡುವವರೆಗೂ ಸೊಸೆಯ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. ನಮ್ಮ ಸ್ಕೂಲಿಗೆ ಹೊಸಬರು ಬರುವುದು ಕಡಿಮೆಯಾಗಿದೆ. ಭಾವ ಈಗ ಹಳೆಯ ಶಿಷ್ಯರ ಮನೆಮನೆಗೆ ಹೋಗಿ ಬಯಲಿಗೆ ಕರೆತರುತ್ತಾರೆ, ಹಿಂದಿನ ಸೀಟಿನಿಂದ ಕಿರುಚಿ ಕಿರುಚಿ ಗಂಟಲು ಒಡೆದುಕೊಂಡಿದ್ದಾರೆ. ಎಲ್ಲರೂ ಬರುವುದಿಲ್ಲ. ನನಗೇನು ಹುಚ್ಚಾ, ನಾನು ಚೆನ್ನಾಗೇ ಓಡಿಸುತ್ತೇನೆ ಎಂದು ಬೇಕರಿಯಮ್ಮ ಬಾಗಿಲು ಹಾಕಿಕೊಂಡಳು. ಆಕೆಯ ನೀಲಿ ಕಾರು ಕಂಡರೆ ನಾನು ಚರಂಡಿ ದಾಟಿ ನಿಲ್ಲುತ್ತೇನೆ. ನನ್ನ ಸರದಿ ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ನಡೆದೇ ಓಡಾಡುತ್ತಿದ್ದೇನೆ.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ಭಾನುವಾರದ ಹಾಲ್. ಕಿಟಕಿ ಮುಚ್ಚಿತ್ತು. ಭಾವ ಅದೇ ಮೂಲೆಯಲ್ಲಿ, ಪಕ್ಕದಲ್ಲಿ ನಾನು. ಸ್ಪ್ಯಾನರ್ ಚಪ್ಪಲಿ ಗೂಡಿನ ಹತ್ತಿರ. ಕೂಸು ಮಂಚದ ಮುಂದೆ ನಿಂತು ಶುರುಮಾಡಿದಳು: "ಅತ್ತೆ, ಬ್ರೇಕ್ ಸರಿಯಾಗೇ ಇತ್ತು. ನಾನು ಒತ್ತಲಿಲ್ಲ." ಅಳಿಯ ಅರ್ಧ ಎದ್ದ. ಬೀಗಿತ್ತಿಯ ಮುಖ ಗಂಟಾಗುತ್ತ ಬಂತು. ಕೂಸು ಒಂದರ ಹಿಂದೆ ಒಂದು ಎಲ್ಲ ಹೇಳುತ್ತ ಹೋದಳು. ನಾಯಿಮರಿಯ ಮಾತೂ ಬಂತು. ನಾನು ತಲೆ ತಗ್ಗಿಸಿದಾಗ ಚಹಾದ ಮೇಜಿನ ಕೆಳಗೆ ಕಂಡಿತು. ಭಾವನ ಬಲಗಾಲು ಹಿಮ್ಮಡಿಯಿಂದ ಬೆರಳಿನ ತುದಿಯವರೆಗೆ ಬಿಗಿದು, ಇದ್ದ ಬಲವನ್ನೆಲ್ಲ ಹಾಕಿ, ನೆಲವನ್ನು ಒತ್ತುತ್ತಿತ್ತು.

ಕೂಸು ನಿಲ್ಲಲಿಲ್ಲ.